ಮಣ್ಣು ಕಾಣದ ಬೆನ್ನು

ಜಟ್ಟೆಪ್ಪನವರ ಕಂದು ಕೋಟನ್ನು ಮುಂದಿನಿಂದ ಕಂಡವರು ಅದಕ್ಕೆ ಮೂವತ್ತು ವರ್ಷವಾದರೂ ಆಗಿರಬೇಕೆನ್ನುತ್ತಿದ್ದರು. ಹಿಂದಿನಿಂದ ಕಂಡವರು ಹೋದ ದೀಪಾವಳಿಗೆ ಹೊಲಿಸಿದ್ದಿರಬೇಕೆನ್ನುತ್ತಿದ್ದರು. ಎರಡು ಕಡೆಯವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಮೊಳಕೈಗಳು ಎರಡೆರಡು ಸಲ ತೇಪೆ ಕಂಡಿದ್ದವು, ಕೊರಳಪಟ್ಟಿಯ ಅಂಚು ನೂಲು ಬಿಟ್ಟಿತ್ತು, ನಾಲ್ಕು ಗುಂಡಿಗಳಿಗೆ ಮೂರು ಬಣ್ಣವಿತ್ತು. ಬೆನ್ನ ಮೇಲಿನ ಉಣ್ಣೆ ಮಾತ್ರ ನವಿರು ಕಳೆದುಕೊಳ್ಳದೆ ಹಾಗೇ ಉಳಿದಿತ್ತು. ಆ ಬೆನ್ನು ಯಾವುದಕ್ಕೂ ಒರಗುತ್ತಿರಲಿಲ್ಲ, ಅಷ್ಟೇ ಕಾರಣ. ಪುಣೆಯ ಸ್ವಾರಗೇಟಿನಿಂದ ಭೋಸರಿಯವರೆಗೆ ಸಿಟಿ ಬಸ್ಸಿನಲ್ಲಿ ಒಂದು ತಾಸಿನ ಮೇಲಾಗುವ ದಾರಿಯನ್ನು ಅವರು ಸೀಟಿನ ಅಂಚಿನಲ್ಲಿ ನೆಟ್ಟಗೆ ಕೂತು ಕಳೆಯುತ್ತಿದ್ದರು. ಹೊಸ ಕಂಡಕ್ಟರುಗಳು ಪ್ರತಿ ನಿಲ್ದಾಣದಲ್ಲೂ ಈ ಮನುಷ್ಯ ಈಗ ಇಳಿದಾನು, ಆಗ ಇಳಿದಾನು ಎಂದು ಕಾಯುತ್ತಿದ್ದರಂತೆ. ಅವರ ಕ್ಷೌರದವನು ಕುರ್ಚಿಯ ಬೆನ್ನನ್ನು ಹಿಂದಕ್ಕೆ ಬಾಗಿಸುವುದನ್ನು ಬಿಟ್ಟು, ತಾನೇ ಅವರ ಗದ್ದದ ಕೆಳಗೆ ಬಗ್ಗಿ ಕತ್ತಿಯಾಡಿಸುವುದನ್ನು ರೂಢಿಸಿಕೊಂಡಿದ್ದ.

ಮನೆಯಲ್ಲೂ ಅದೇ ಕಥೆ. "ಮೂವತ್ತು ವರ್ಷ ಆತ್ರಿ ಲಗ್ನ ಆಗಿ," ಎಂದು ಅವರ ಹೆಂಡತಿ ಮರೆಮ್ಮ ಬಂದವರೆದುರಿಗೆಲ್ಲ ನಗುತ್ತಿದ್ದಳು. "ಮಗ್ಗಲ ಬದಲಿ ಮಾಡ್ತಾರ, ಬೆನ್ನ ಹಚ್ಚಂಗಿಲ್ಲ. ಹಾಸಿಗಿ ಇವರನ್ನೇನ್ ಕೆಡವತದೇನ್ರಿ?" ಕಟ್ಟಡದ ಕೆಲಸದಲ್ಲಿ ಪುಟ್ಟಿ ಹೊತ್ತು ಹೊತ್ತು ಗಟ್ಟಿಯಾದ ಹೆಂಗಸು ಅವಳು, ಗಂಡನನ್ನು ಹೀಗೆ ಛೇಡಿಸುವ ಧೈರ್ಯ ಭೋಸರಿಯಲ್ಲಿ ಅವಳೊಬ್ಬಳಿಗೇ ಇತ್ತು.

ಇದೇನು ವ್ರತವಲ್ಲ, ದೇವರ ಹರಕೆಯೂ ಅಲ್ಲ. ಮಣ್ಣಿನ ಕುಸ್ತಿಯಲ್ಲಿ ಸೋಲೆಂದರೆ ಒಂದೇ: ಎರಡೂ ಭುಜದ ಹಿಂಭಾಗ ನೆಲಕ್ಕೆ ತಾಗುವುದು. ಅಂಕವಿಲ್ಲ, ಗಂಟೆಯಿಲ್ಲ, ಬೆನ್ನು ತಾಗಿತೋ ಆಟ ಮುಗಿಯಿತು, ಗೆದ್ದವನು ಎದ್ದು ನಿಂತು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಸುರಪುರದ ಕಡೆಯ ಹಳ್ಳಿಯಿಂದ ಹೊರಟು, ಹರೆಯದಲ್ಲಿ ಊರೂರಿನ ಕಣಗಳಲ್ಲಿ ಸೆಣಸಿ, ಒಮ್ಮೆಯೂ ಬೆನ್ನಿಗೆ ಮಣ್ಣು ಮೆತ್ತಿಸಿಕೊಳ್ಳದೆ ಪುಣೆಗೆ ಬಂದವರು ಜಟ್ಟೆಪ್ಪ. ಎಲ್ಲ ಗೆದ್ದೆನೆಂದು ಅವರು ಹೇಳುತ್ತಿರಲಿಲ್ಲ. ಬರಾಬರಿ ಆದವು ಭಾಳ ಅದಾವ ಎಂದು ತಾವಾಗಿಯೇ ಒಪ್ಪಿಕೊಳ್ಳುತ್ತಿದ್ದರು. ಆದರೆ ಬಿದ್ದದ್ದಿಲ್ಲ. ಕಣ ಬಿಟ್ಟು ಭೋಸರಿಯ ಎರಕದ ಕಾರ್ಖಾನೆಯಲ್ಲಿ ಕರಿಮರಳಿನ ಅಚ್ಚು ಕಟ್ಟುವ ಕೆಲಸಕ್ಕೆ ನಿಂತ ಮೇಲೂ, ಕುಸ್ತಿ ಮುಗಿದಿದೆ ಎಂಬ ಸುದ್ದಿ ಅವರ ಬೆನ್ನಿಗೆ ಮಾತ್ರ ತಲುಪಲಿಲ್ಲ.

ಬೆಳಗ್ಗೆ ಕರಿಮರಳು, ಸಂಜೆ ಕೆಂಪು ಮಣ್ಣು. ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ತಗಡಿನ ಚಾವಣಿಯ ಒಂದು ಗರಡಿ, ಅಲ್ಲಿಯವರ ಬಾಯಲ್ಲಿ ತಾಲೀಮು, ನಡುವೆ ಕುಸ್ತಿಯ ಕುಣಿ. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆಹಣ್ಣಿನ ರಸ ಹಾಕಿ ವಾರಕ್ಕೊಮ್ಮೆ ತಾವೇ ಅಗೆದು ಹದ ಮಾಡುತ್ತಿದ್ದ ಜಟ್ಟೆಪ್ಪನವರನ್ನು ಅಲ್ಲಿಯ ಹುಡುಗರೆಲ್ಲ ವಸ್ತಾದ, ಅಂದರೆ ಗುರು, ಎಂದು ಕರೆಯುತ್ತಿದ್ದರು. ಅಲ್ಲಿಗೆ ೧೯೯೪ರ ಒಂದು ಭಾನುವಾರ ಬಿಂದುಮಾಧವ ಬಂದ. ಧಾರವಾಡದವನು, ಟೆಲಿಫೋನ್ ಇಲಾಖೆಯ ನೌಕರ, ನಿಗಡಿಯ ಸೊಸೈಟಿಯ ಹಾಲಿನಲ್ಲಿ ಮಕ್ಕಳಿಗೆ ಜೂಡೊ ಕಲಿಸುವವನು; ಮನುಷ್ಯನನ್ನು ನೆಲಕ್ಕೆ ತರುವ ವಿದ್ಯೆಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಕಾಲೇಜಿನಿಂದಲೂ ತಲೆಯಲ್ಲಿಟ್ಟುಕೊಂಡು, ಅದಕ್ಕೊಂದು ದಪ್ಪ ನೋಟುಪುಸ್ತಕವನ್ನೂ ಮೀಸಲಿಟ್ಟಿದ್ದ ಮನುಷ್ಯ. ಮರಾಠಿಯಲ್ಲಿ ತನ್ನ ಪರಿಚಯ ಹೇಳಿಕೊಂಡ. ವಸ್ತಾದರು ಅವನ ಮುಖವನ್ನು ನೋಡಲೇ ಇಲ್ಲ, ಪಾದಗಳನ್ನು ನೋಡಿದರು. "ಎಡಗಾಲ ಮ್ಯಾಲ ಭಾರ ಹಾಕ್ತೀರಿ," ಎಂದರು ಕನ್ನಡದಲ್ಲಿ. "ಬಲಕ್ಕ ಬೀಳ್ತೀರಿ. ಧಾರವಾಡದ ಕಡೀಯವರೇನ್ರಿ?" ಮರಾಠಿಯ ಉಚ್ಚಾರದಿಂದ ಊರು ಗೊತ್ತಾಯಿತೋ, ನಿಲುವಿನಿಂದಲೋ ಎಂಬುದು ಬಿಂದುಮಾಧವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅರ್ಧ ನಿಮಿಷದಲ್ಲಿ ಅವನು ಬಲಕ್ಕೇ ಬಿದ್ದ. ಅಂಗಿ ಕಳಚಿ ಕುಣಿಗಿಳಿದವನಿಗೆ ಎದುರಾಳಿಯ ಮೈಮೇಲೆ ಹಿಡಿಯಲು ಬಟ್ಟೆಯೇ ಇಲ್ಲವೆಂಬುದು ಹೊಳೆಯುವಷ್ಟರಲ್ಲಿ ಭಾರವಾದ ಕೈಯೊಂದು ಕತ್ತಿನ ಮೇಲೆ ಕೂತಿತು, ಮೊಣಕಾಲಿನ ಹಿಂದೆ ಇನ್ನೊಂದು ಕೈ ಬಂತು, ನೆಲ ಜಾರಿ ಬೆನ್ನು ಮಣ್ಣಿಗೆ ಹೊಂದಿಕೊಂಡಿತು. ಹಾಗೆ ಅಂಗಾತ ಬಿದ್ದವನ ಕಣ್ಣಿಗೆ, ನೇರ ಮೇಲೆ, ಎರಡು ತೊಲೆಗಳ ನಡುವಿನ ತಗಡಿನ ಮೇಲೆ, ಗದೆ ಹಿಡಿದು ನಿಂತ ಮಾರುತಿಯ ಚಿತ್ರ ಕಾಣಿಸಿತು. ಸುತ್ತ ನಿಂತ ಹುಡುಗರು ಕಿಸಕ್ಕನೆ ನಕ್ಕರು. ಆಮೇಲೆ ಕೈಕಾಲು ತೊಳೆಯುವಲ್ಲಿ ಒಬ್ಬ ಅವನ ಕಿವಿಯಲ್ಲಿ ಕೇಳಿದ: "ದರ್ಶನ ಆತೇನ್ರಿ?"

ಗುಟ್ಟು ಹೀಗಿತ್ತು. ತೊಂಬತ್ತರ ಯುಗಾದಿಗೆ ವಸ್ತಾದರು ಊರಿಗೆ ಹೋಗಿದ್ದಾಗ, ಅಂಗಡಿಗಳ ಬೋರ್ಡು ಬರೆಯುವ ತಾಯಪ್ಪನೆಂಬ ಶಿಷ್ಯ ಏಣಿ ಹಾಕಿ ಆ ಚಿತ್ರ ಬಿಡಿಸಿದ್ದ. ತೊಲೆಗಳ ಮರೆಗೆ ಅದು ನಿಂತವರಿಗೆ ಕಾಣುವಂತಿರಲಿಲ್ಲ; ಕುಣಿಯ ನಡುವೆ ಬೆನ್ನ ಮೇಲೆ ಬಿದ್ದವನಿಗೆ ಮಾತ್ರ ದೇವರು. ತಾಲೀಮಿಗೆ ಬಂದವರೆಲ್ಲ ಒಂದಲ್ಲ ಒಂದು ದಿನ ಬಿದ್ದು ನೋಡಿದ್ದರು, ನೋಡದವರು ವಸ್ತಾದರೊಬ್ಬರೇ. ಅವರಿಗೆ ಯಾರೂ ಹೇಳಲಿಲ್ಲ. ಮೊದಮೊದಲು ಬೈಗುಳದ ಹೆದರಿಕೆ, ಆಮೇಲೆ ಅದೊಂದು ತಮಾಷೆ, ಇನ್ನೂ ಆಮೇಲೆ ಹೇಳಿದರೆ ಏನೋ ಅಪಚಾರವಾದೀತೆಂಬ ಭಾವನೆ. ಸದಾ ಎದುರಿನವನ ಕಾಲಿನ ಮೇಲೆಯೇ ದೃಷ್ಟಿಯಿಟ್ಟವರಿಗೆ ತಲೆಯ ಮೇಲೇನಿದೆಯೆಂದು ನೋಡುವ ಅಗತ್ಯವೂ ಬಿದ್ದಿರಲಿಲ್ಲ.

ಆ ದೃಷ್ಟಿಯೇ ಅವರ ತತ್ತ್ವಶಾಸ್ತ್ರ. ಏನು ಕೇಳಿದರೂ "ಕಾಲ ನೋಡ್ರಿ ಮೊದ್ಲ" ಎಂಬಲ್ಲಿಂದ ಅವರ ಉತ್ತರ ಶುರುವಾಗುತ್ತಿತ್ತು. ಮಗಳು ಅನುಸೂಯಾಳನ್ನು ನೋಡಲು ಬಂದ ವರನ ಕಡೆಯವರು ಸಂಬಳ, ಮನೆ, ಮಾನಮರ್ಯಾದೆ ಎಲ್ಲ ವರ್ಣಿಸುತ್ತಿದ್ದಾಗ ಇವರು ಹುಡುಗನ ಪಾದಗಳನ್ನೇ ನೋಡುತ್ತ ಕೂತಿದ್ದು, ಕೊನೆಗೆ "ಎರಡೂ ಕಾಲ ಸಮ ಊರತಾನ, ಕೊಡ್ರಿ" ಎಂದಿದ್ದರಂತೆ. ಮದುವೆ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು. ಹಾಗಾಗಿ ಆ ಶಾಸ್ತ್ರವನ್ನು ಅಲ್ಲಗಳೆಯುವ ಬಾಯಿ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಲ್ಲಿಂದ ಹನ್ನೆರಡು ವರ್ಷ ಭಾನುವಾರಗಳು ಹೀಗೇ ಕಳೆದವು. ಬಿಂದುಮಾಧವ ನೋಟುಪುಸ್ತಕ ಹಿಡಿದು ನಿಗಡಿಯಿಂದ ಬರುವುದು, ಇಬ್ಬರೂ ಕುಣಿಯ ಕಟ್ಟೆಯ ಮೇಲೆ ಕೂತು ವಾದಿಸುವುದು. ಮ್ಯಾಟಿನ ಮೇಲಿನವನು ದೂರದಿಂದಲೇ ಬಾಣದಂತೆ ಕಾಲಿಗೆ ಬೀಳಬಲ್ಲ, ಅವನ ಪಾದಕ್ಕೆ ರಬ್ಬರು ಚಿಮ್ಮುವ ಬಲ ಕೊಡುತ್ತದೆ. ಹದ ಮಾಡಿದ ಮಣ್ಣಿನಲ್ಲಿ ಪಾದ ಹೂತುಹೋಗುವುದರಿಂದ ಕುಸ್ತಿಯವನು ಮೊದಲು ಕತ್ತಿಗೆ ಕೈ ಹಾಕಿ ಎದುರಾಳಿಯನ್ನೇ ಹತ್ತಿರಕ್ಕೆ ತಂದುಕೊಳ್ಳಬೇಕು. ಜೂಡೊದವನು ಅಂಗಿಯ ತೋಳು, ಕೊರಳಪಟ್ಟಿ ಹಿಡಿದು, ಎದುರಾಳಿಯ ತೂಕ ತಪ್ಪಿಸಿ, ತಿರುಗಿ, ಸೊಂಟದ ಮೇಲಿಂದ ಅವನನ್ನು ದಾಟಿಸುತ್ತಾನೆ. ಇದನ್ನು ಮೊದಲ ಸಲ ಮಾಡಿ ತೋರಿಸಿದಾಗ ವಸ್ತಾದರು ಹೌಹಾರಿದ್ದರು. "ಬೆನ್ನ ಕೊಟ್ಟು ಒಗೀತೀರಿ? ಅಂವ ಅಲ್ಲೇ ಹಿಡದ್ರ?" ಹಿಡಿಯುವಷ್ಟರಲ್ಲಿ ಅವನು ನೆಲದಲ್ಲಿರುತ್ತಾನೆ ಎಂದ ಬಿಂದುಮಾಧವ. ವಸ್ತಾದರು ಒಪ್ಪದೆ ತಲೆ ಆಡಿಸಿದರು. ಮುಂದಿನ ಭಾನುವಾರ ಒಬ್ಬ ಶಿಷ್ಯನಿಗೆ ಹಳೆಯ ಅಂಗಿ ತೊಡಿಸಿ, ಅದೇ ಪಟ್ಟನ್ನು ತಾವೇ ಹಾಕಿ ನೋಡುತ್ತಿದ್ದುದನ್ನು ಅವನು ಬಾಗಿಲಲ್ಲೇ ನಿಂತು ಕಂಡ. ಐವತ್ತಕ್ಕೆ ಹತ್ತಿರವಾದ ಮನುಷ್ಯ, ತನ್ನ ವಿದ್ಯೆಯಲ್ಲಿ ತಾನು ರಾಜ, ಇನ್ನೊಬ್ಬರ ಪಟ್ಟನ್ನು ಹೀಗೆ ಕದ್ದು ಅಭ್ಯಾಸ ಮಾಡುತ್ತಿದ್ದದ್ದು ಕಂಡು ಬಿಂದುಮಾಧವನಿಗೆ ಅವರ ಮೇಲೆ ಹುಟ್ಟಿದ ಪ್ರೀತಿ ಆಮೇಲೆ ಕಡಿಮೆಯಾಗಲಿಲ್ಲ.

ಎಲ್ಲ ವಿದ್ಯೆಗಳೂ ಒಂದು ವಿಷಯದಲ್ಲಿ ಒಪ್ಪಿದ್ದವು: ಬೆನ್ನ ಮೇಲೆ ಬಿದ್ದವನು ಸೋತ. ಆ ಒಪ್ಪಂದ ಮುರಿದದ್ದು ೨೦೦೪ರಲ್ಲಿ, ಬಿಂದುಮಾಧವ ಎಲ್ಲಿಂದಲೋ ತಂದ ಒಂದು ಸಿ.ಡಿ.ಯಿಂದ. ಜಾಲರಿಯ ಪಂಜರದೊಳಗೆ ಗುದ್ದು, ಒದೆತ, ಕುಸ್ತಿ, ಕತ್ತು ಒತ್ತುವುದು ಎಲ್ಲಕ್ಕೂ ಪರವಾನಗಿಯಿದ್ದ ವಿದೇಶದ ಮಿಶ್ರ ಕಾಳಗಗಳು. ನಿಗಡಿಯ ಅವನ ಮನೆಯಲ್ಲಿ ವಸ್ತಾದರು ಸೋಫಾ ಬಿಟ್ಟು ಸ್ಟೂಲಿನ ಮೇಲೆ ಕೂತು ನೋಡಿದರು. ಒಬ್ಬ ದಾಂಡಿಗ ಇನ್ನೊಬ್ಬನ ಎರಡೂ ಕಾಲೆತ್ತಿ ಕೆಡವಿದ. "ಭೇಷ್," ಎಂದರು. ಆದರೆ ಕಾಳಗ ನಿಲ್ಲಲಿಲ್ಲ. ಅಂಗಾತ ಬಿದ್ದವನು ಮೇಲಿದ್ದವನ ಸೊಂಟಕ್ಕೆ ಕಾಲು ಸುತ್ತಿ, ತೋಳೊಂದನ್ನು ಎಳೆದು, ತೊಡೆಗಳ ನಡುವೆ ಅವನ ಕತ್ತು ಸಿಕ್ಕಿಸಿ ಹಿಂಡಿದ. ಮೇಲಿದ್ದವನು ಸೋತೆನೆಂದು ನೆಲ ತಟ್ಟಿದ. ವಸ್ತಾದರು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಬಿದ್ದಾಂವ ಗೆದ್ನೇನ್ರಿ?" ಎಂದರು. "ತಿರಗಿ ಹಚ್ರಿ." ನಾಲ್ಕು ಸಲ ಹಚ್ಚಿಸಿ ನೋಡಿ, ಚಹಾ ಕುಡಿಯದೆ ಎದ್ದು ಹೋದರು.

ಅವರ ಶಿಷ್ಯರಲ್ಲಿ ಅಂಬಾದಾಸನಿಗೆ ಮಾತ್ರ ಆ ಸಿ.ಡಿ.ಯ ಹುಚ್ಚು ಹಿಡಿಯಿತು. ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗ, ಲೇಥ್ ಯಂತ್ರದ ಮೇಲೆ ದುಡಿಯುವ ಇಪ್ಪತ್ತೆರಡರ ತರುಣ. ಹತ್ತನೆಯ ವಯಸ್ಸಿಗೆ ತಾಲೀಮು ಸೇರಿ, ವಸ್ತಾದರ ಕೈಯಲ್ಲೇ ಬೆಳೆದವನು. ಒಂದೇ ಕಾಲನ್ನು ಸೆಳೆದು ಕೆಡವುವ ಏಕೇರಿ ಪಟವೆಂಬ ಪಟ್ಟನ್ನು ಅವನಷ್ಟು ಚಂದವಾಗಿ ಹಾಕುವವರು ಆ ಭಾಗದಲ್ಲಿರಲಿಲ್ಲ. ೨೦೦೬ರ ಜನವರಿಯಲ್ಲಿ ಪಿಂಪರಿ ಕಡೆಯ ಒಂದು ಮಂಗಲ ಕಾರ್ಯಾಲಯದಲ್ಲಿ ಅಂಥದೇ ಕಾಳಗ ಏರ್ಪಟ್ಟಾಗ ಅವನು ಹೆಸರು ಕೊಟ್ಟ. ವಸ್ತಾದರು ಬೇಡವೆನ್ನಲಿಲ್ಲ, ಕೋಟು ತೊಟ್ಟು ತಾವೂ ಹೋಗಿ ಮೊದಲ ಸಾಲಿನಲ್ಲಿ ಒರಗದೆ ಕೂತರು.

ಮದುವೆಯ ವೇದಿಕೆಯ ಮೇಲೆಯೇ ಜಾಲರಿ ಕಟ್ಟಿದ್ದರು. ಎದುರಾಳಿ ಮುಂಬೈಯವನು, ತೆಳ್ಳಗಿನ ಆಳು. ಇಪ್ಪತ್ತು ಸೆಕೆಂಡಿನಲ್ಲಿ ಅಂಬಾದಾಸ ಅವನ ಬಲಗಾಲು ಸೆಳೆದು, ಹೆಗಲು ಕೊಟ್ಟು, ಬೆನ್ನು ಸಪಾಟಾಗಿ ನೆಲಕ್ಕೆ ಬೀಳುವಂತೆ ಕೆಡವಿದ. ಮಣ್ಣಿನ ಕಣವಾಗಿದ್ದರೆ ಅಲ್ಲಿಗೆ ಹಲಗೆ ಬಾರಿಸುತ್ತಿದ್ದರು. ಅಂಬಾದಾಸನ ಮೈ ಅದನ್ನೇ ನಂಬಿತು. ಹಿಡಿತ ಬಿಟ್ಟ, ಅರ್ಧ ಎದ್ದ, ಕತ್ತು ತಿರುಗಿಸಿ ಮೊದಲ ಸಾಲಿನಲ್ಲಿದ್ದ ವಸ್ತಾದರನ್ನು ನೋಡಿದ. ಮುಂಬೈಯವನು ಕೆಳಗಿನಿಂದಲೇ ಅವನ ಕಾಲು ತಪ್ಪಿಸಿ ಉರುಳಿಸಿದ. ಉರುಳಿದ ಅಂಬಾದಾಸ ಕುಸ್ತಿಯವನು ಮಾಡುವುದನ್ನೇ ಮಾಡಿದ: ಬೆನ್ನು ಉಳಿಸಿಕೊಳ್ಳಲು ಬೋರಲಾಗಿ ನೆಲಕ್ಕೆ ಅಂಟಿದ. ಎದುರಾಳಿಗೆ ಬೇಕಾದದ್ದೂ ಅದೇ. ಬೆನ್ನೇರಿ ಕೂತು, ಹಿಂದಿನಿಂದ ಗಂಟಲಿಗೆ ತೋಳು ಸುತ್ತಿ ಬಿಗಿದ. ಸಾಕೆನಿಸಿದರೆ ನೆಲ ತಟ್ಟಬೇಕೆಂದು ಮೊದಲೇ ಹೇಳಿದ್ದರು. ಹದಿನಾಲ್ಕು ವರ್ಷ ತಾಲೀಮಿನಲ್ಲಿ ಸಾಕು ಅನ್ನುವುದನ್ನೊಂದು ಬಿಟ್ಟು ಉಳಿದದ್ದೆಲ್ಲ ಕಲಿತಿದ್ದ ಆ ಕೈ ತಟ್ಟಲಿಲ್ಲ. ತೀರ್ಪು ಕೊಡುವ ಪಂಚನು ನೋಡಿ ಬಿಡಿಸುವಷ್ಟರಲ್ಲಿ ಅವನ ಮುಖ ನೀಲಿಗಟ್ಟಿ ಕಣ್ಣು ಮೇಲಾಗಿದ್ದವು.

ಜಾಲರಿ ಸರಿಸಿ ಮೊದಲು ಒಳಗೆ ಹೋದವರು ಜಟ್ಟೆಪ್ಪ. ಕೋಟು ಕಳಚಿ ಮಡಿಸಿ ಅವನ ತಲೆಯ ಕೆಳಗಿಟ್ಟು, ಎದೆ ಉಜ್ಜುತ್ತ, "ಅಂಬಾ, ಏ ಅಂಬಾ" ಎಂದು ಕೂಗಿದ ಆ ದನಿಯನ್ನು ಬಿಂದುಮಾಧವ ಹಿಂದೆಂದೂ ಕೇಳಿರಲಿಲ್ಲ. ಒಂದು ನಿಮಿಷ ಕಳೆದಿರಬೇಕು. ಅಂಬಾದಾಸ ಕೆಮ್ಮಿದ, ಕಣ್ಣು ಬಿಟ್ಟ, ಮೊದಲು ಕೇಳಿದ್ದು "ಬೆನ್ನ ಹತ್ತಿಲ್ಲಲ್ರಿ ವಸ್ತಾದ?" ಎಂದು. ಜಟ್ಟೆಪ್ಪ ಅವನನ್ನು ಎತ್ತಿ ಕೂರಿಸಿದರು. ಹೊರಗೆ ಬಂದ ಮೇಲೆ ಬಿಂದುಮಾಧವನಿಗೆ ಹೇಳಿದರು: "ಕುತಿಗಿ ಕೊಟ್ಟು ಬೆನ್ನ ಉಳಿಸ್ಕೊಂಡ್ನ್ರಿ ಅಂವ. ನಾ ಕಲಿಸಿದ್ದ ಅದು."

ಮೇ ತಿಂಗಳಿಗೆ ಇನ್ನೊಂದು ಕಾಳಗವಿತ್ತು, ಅಂಬಾದಾಸ ಮತ್ತೆ ಹೋಗುವವನೇ. ಅವನ ತಾಯಿ ಬಂದು ವಸ್ತಾದರ ಕಾಲು ಹಿಡಿದಳು, ನೀವು ಹೇಳಿದರೆ ಕೇಳ್ತಾನ ಎಂದಳು. ಹೇಳಿದರೆ ಕೇಳುತ್ತಿದ್ದ, ಆದರೆ ಆ ಸೋಲನ್ನು ಹೊತ್ತು ಅವನು ಒಳಗೊಳಗೇ ಒಣಗುತ್ತಿದ್ದನೆಂಬುದು ಅವರಿಗೆ ಕಾಣುತ್ತಿತ್ತು. "ತಡಿಯಂಗಿಲ್ಲವ್ವ," ಎಂದರು, "ಕಲಿಸಿ ಕಳಸ್ತೀನಿ." ಕಲಿಸುವುದನ್ನು ಬಿಂದುಮಾಧವನಿಗೆ ಒಪ್ಪಿಸಿದರು: ಜೂಡೊದ ನೆಲದ ಪಟ್ಟುಗಳನ್ನೂ ಸಿ.ಡಿ.ಯಲ್ಲಿ ಕಂಡದ್ದನ್ನೂ ಕೂಡಿಸಿ, ಕೆಳಗೆ ಬಿದ್ದವನು ಏನು ಮಾಡಬೇಕೆಂದು.

ಅದೇನೂ ದೊಡ್ಡ ವಿದ್ಯೆಯಲ್ಲ. ಬೋರಲಾಗಬೇಡ, ಬೆನ್ನ ಮೇಲೆ ಮಲಗು, ಕಾಲು ಸುತ್ತು, ಗದ್ದ ಎದೆಗೆ ಒತ್ತು, ಅವನ ಕೈ ಹಿಡಿ. ನಿಗಡಿಯ ಹಾಲಿನಲ್ಲಿ ಹತ್ತು ವರ್ಷದ ಮಕ್ಕಳು ಒಂದು ವಾರದಲ್ಲಿ ಕಲಿಯುತ್ತಿದ್ದರು. ಅಂಬಾದಾಸನಿಗೆ ಎರಡು ತಿಂಗಳಾದರೂ ಬರಲಿಲ್ಲ. ಮಲಗಿಸಿದರೆ ಮಲಗುತ್ತಿದ್ದ, ಮೇಲೆ ತೂಕ ಬಿದ್ದೊಡನೆ ಮೈ ತಾನಾಗಿ ಹೊರಳಿ ಬೋರಲಾಗುತ್ತಿತ್ತು, ಕತ್ತು ಬಯಲಾಗುತ್ತಿತ್ತು. ಪ್ರತಿ ಸಲ ಹೊರಳುವ ಮುಂಚೆ ಅವನ ಕಣ್ಣು ಒಂದು ಕ್ಷಣ ಕಟ್ಟೆಯ ಕಡೆಗೆ ಹೋಗುತ್ತಿದ್ದುದನ್ನು ಬಿಂದುಮಾಧವ ಗಮನಿಸಿದ. ಅಲ್ಲಿ ವಸ್ತಾದರು ನೆಟ್ಟಗೆ ಕೂತಿರುತ್ತಿದ್ದರು. ನೀವು ಎದ್ದು ಹೊರಗೆ ಹೋಗಿರಿ, ನಿಮ್ಮ ನೆಟ್ಟನೆಯ ಬೆನ್ನು ಕಣ್ಣೆದುರು ಇರುವವರೆಗೆ ಇವನಿಗೆ ಇದು ಬರುವುದಿಲ್ಲ ಎಂದು ಹೇಗೆ ಹೇಳುವುದು? ಏಪ್ರಿಲಿನ ಕೊನೆಯ ಭಾನುವಾರ ಹೇಳಿಯೇ ಬಿಡಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ.

ಹೇಳುವ ಪ್ರಸಂಗ ಬರಲಿಲ್ಲ. ಎಲ್ಲ ಶಿಷ್ಯರೂ ಸೇರಿದ್ದರು. ವಸ್ತಾದರು ಕೋಟು ಕಳಚಿ ಬಿಂದುಮಾಧವನ ಕೈಗೆ ಕೊಟ್ಟರು, ಅಂಗಿ ತೆಗೆದರು, ಕುಣಿಗಿಳಿಯುವಾಗ ಎಂದಿನಂತೆ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡರು. ನಡುವಿಗೆ ಹೋಗಿ ಮೊದಲು ಕೂತರು. ಆಮೇಲೆ ಒಂದು ಮೊಳಕೈ ಊರಿ, ಇನ್ನೊಂದು ಊರಿ, ಸ್ವಲ್ಪ ತಡೆದು, ಅರವತ್ತು ವರ್ಷ ಮಣ್ಣು ಕಾಣದ ಬೆನ್ನನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಯಾರೋ "ವಸ್ತಾದ, ಬ್ಯಾಡ್ರಿ" ಅಂದರು. ಅಂಬಾದಾಸ ಮುಖ ಮುಚ್ಚಿಕೊಂಡ.

"ಅಳಾಕ ಏನಾಗ್ಯದ? ಬಾ, ಮ್ಯಾಲ ಕೂಡು. ಕೆಳಗ ಬಿದ್ದಾಂವ ಏನ್ ಮಾಡ್ಬೇಕು, ಇಬ್ಬರೂ ಕಲಿಯೂಣು," ಎಂದರು ಜಟ್ಟೆಪ್ಪ. ಹಾಗೆನ್ನುತ್ತ ಅವರ ಕಣ್ಣು ಮೇಲಕ್ಕೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಮಲಗಿದಲ್ಲಿಂದಲೇ ಅವರು ಎರಡೂ ಕೈ ಜೋಡಿಸಿದರು.

"ಯಾವಾಗ ಬರದದ್ದು ಇದು?"

"ಹದಿನಾರ ವರ್ಷ ಆತ್ರಿ," ಎಂದ ತಾಯಪ್ಪ, ಮೂಲೆಯಿಂದ.

"ಮತ್ತ ಒಬ್ಬರೂ ಹೇಳ್ಲಿಲ್ಲಲ್ಲೋ?"

ಅಂಬಾದಾಸ ಕಣ್ಣೊರೆಸಿಕೊಂಡು ಕುಣಿಗಿಳಿದು ಅವರ ಪಕ್ಕದಲ್ಲಿ ಮೊಣಕಾಲೂರಿದ. "ಬಿದ್ದವರಿಗಷ್ಟ ಕಾಣ್ತದ್ರಿ, ವಸ್ತಾದ."

ಜಟ್ಟೆಪ್ಪ ಗಟ್ಟಿಯಾಗಿ ನಕ್ಕರು. ಆ ಸಂಜೆ ಅವರು ಹನ್ನೊಂದು ಸಲ ಬೆನ್ನ ಮೇಲೆ ಮಲಗಿ, ಕಾಲು ಸುತ್ತಿ, ತಪ್ಪಿ, ಮತ್ತೆ ಸುತ್ತಿ, ಒಮ್ಮೆ ತೊಡೆ ಹಿಡಿದುಕೊಂಡು ಬಯ್ದು, ಬಿಂದುಮಾಧವನಿಂದ ತಿದ್ದಿಸಿಕೊಂಡು ಕಲಿತರು. ಹನ್ನೆರಡನೆಯ ಸಲ ಕೆಳಗೆ ಮಲಗಿದವನು ಅಂಬಾದಾಸ. ಮೇಲೆ ತೂಕ ಬಿತ್ತು; ಅವನ ಕಣ್ಣು ಕಟ್ಟೆಯ ಕಡೆ ಹೋಗದೆ ತಗಡಿನ ಕಡೆ ಹೋಯಿತು, ಮೈ ಹೊರಳಲಿಲ್ಲ.

ಮೇ ತಿಂಗಳಲ್ಲಿ ಅವನು ಗೆಲ್ಲಲಿಲ್ಲ, ಅಂಕದ ಮೇಲೆ ಸೋತ. ಆದರೆ ಎರಡು ಸಲ ಕೆಳಗೆ ಬಿದ್ದವನು ಎರಡು ಸಲವೂ ಬೆನ್ನ ಮೇಲೆಯೇ ಉಳಿದು ಕಾದಾಡಿ, ಕತ್ತು ಕೊಡದೆ ಎದ್ದ. ಜಾಲರಿಯ ಬಾಗಿಲಿನಿಂದ ತನ್ನ ಕಾಲ ಮೇಲೆ ನಡೆದು ಹೊರಬಂದು, ತಾಯಿಯ ಕೈಯಿಂದ ನೀರು ಈಸಿಕೊಂಡು ಕುಡಿದ. ಜಟ್ಟೆಪ್ಪ ಅವನ ಮುಖ ನೋಡಲಿಲ್ಲ, ನಡೆದು ಬರುವ ಪಾದಗಳನ್ನು ನೋಡಿದರು. ಮರಳುವ ಬಸ್ಸಿನಲ್ಲಿ, ಬಿಂದುಮಾಧವನ ನಿರೀಕ್ಷೆಗೆ ವಿರುದ್ಧವಾಗಿ, ಅವರು ಸೀಟಿನ ಅಂಚಿನಲ್ಲಿ ಎಂದಿನಂತೆ ಒರಗದೆ ಕೂತಿದ್ದರು. ಕಂಡಕ್ಟರು ಎಂದಿನಂತೆ ಎಲ್ಲಿ ಇಳಿಯುತ್ತೀರೆಂದು ಎರಡು ಸಲ ಕೇಳಿದ.

ನೋಟುಪುಸ್ತಕದ ಪ್ರಶ್ನೆಗೆ ಬಿಂದುಮಾಧವ ಉತ್ತರ ಬರೆಯಲೇ ಇಲ್ಲ. ಯಾವ ವಿದ್ಯೆ ಮನುಷ್ಯನನ್ನು ಚೆನ್ನಾಗಿ ಕೆಡವುತ್ತದೆಂಬುದರಲ್ಲಿ ಅವನಿಗೆ ಮೊದಲಿನ ಆಸಕ್ತಿ ಉಳಿದಿರಲಿಲ್ಲ. ಬೀಳದವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ, ಬೀಳದಿರುವುದನ್ನು ಕಲಿಸುವವರೂ ಇದ್ದಾರೆ, ಅವರಿಗೆ ಹಾರ ಬೀಳುತ್ತದೆ, ಫೋಟೋ ತೂಗುತ್ತದೆ. ಆದರೆ ಜನ್ಮವಿಡೀ ಕಾಪಾಡಿಕೊಂಡು ಬಂದದ್ದನ್ನು ಬಿದ್ದವನೊಬ್ಬನ ಸಲುವಾಗಿ ನಾಲ್ಕು ಜನರೆದುರು ತಾವಾಗಿ ಕೆಳಗಿಟ್ಟು, ಮರುದಿನ ಅದರ ಮಾತೇ ಎತ್ತದೆ ಕರಿಮರಳಿನ ಕೆಲಸಕ್ಕೆ ಹೋಗುವವರು ಇನ್ನೊಂದು ಜಾತಿಯ ಜನ. ಅವರನ್ನು ಗುರುತಿಸಲು ನಮಗೆ ಸಿಗುವ ಕುರುಹು ಕಡಿಮೆ. ಬಹುಶಃ ಮುಂದೆಲ್ಲ ಹರಿದು ಹಿಂದೆ ಹೊಸದಾಗಿರುವ ಒಂದು ಕೋಟು, ಅದರ ಬೆನ್ನಿನ ಒಳಗಡೆಯ ಬಟ್ಟೆಯಲ್ಲಿ ಮರೆಮ್ಮ ಎಷ್ಟು ಒಗೆದರೂ ಹೋಗದೆ ಉಳಿದ ಕೆಂಪು ಮಣ್ಣಿನ ಕಲೆ.